ಸೀಳಿದ್ದಲ್ಲ, ಕೂಡದೆ ಉಳಿದದ್ದು



ಮೂಗಿನ ಬುಡದಿಂದ ಮೇಲ್ದುಟಿಯವರೆಗೆ ಒಂದು ಸಣ್ಣ ತೋಡು ಇದೆ. ಅದರ ಎರಡೂ ಬದಿಗೆ ತೆಳುವಾದ ಎರಡು ಏರುಗಳು. ಬೆರಳಿಟ್ಟು ಸವರಿದರೆ ಯಾರಿಗಾದರೂ ತಿಳಿಯುತ್ತದೆ. ದಿನವೂ ಕನ್ನಡಿಯಲ್ಲಿ ಕಾಣುವ ಈ ಜಾಗವನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಆದರೆ ಮನುಷ್ಯನ ಮುಖ ಒಂದೇ ಮುದ್ದೆಯಿಂದ ಅರಳಿದ್ದಲ್ಲ, ಬೇರೆ ಬೇರೆ ತುಂಡುಗಳು ಬಂದು ಕೂಡಿ ಆದದ್ದು ಎಂಬುದನ್ನು ನೆನಪಿಸುವ ಜಾಗ ಅದು.

ಗರ್ಭ ನಿಂತ ನಾಲ್ಕನೇ ವಾರದ ಹೊತ್ತಿಗೆ ಭ್ರೂಣದ ತಲೆಯ ಭಾಗದಲ್ಲಿ ಐದು ಮೊಳಕೆಗಳು ಕಾಣಿಸಿಕೊಳ್ಳುತ್ತವೆ. ಒಂದು ಹಣೆಯ ಕಡೆಯಿಂದ ಕೆಳಗಿಳಿಯುತ್ತದೆ. ಎರಡು ಕೆನ್ನೆಗಳ ಕಡೆಯಿಂದ ನಡುವಿಗೆ ಸರಿಯುತ್ತವೆ. ಉಳಿದೆರಡು ಕೂಡಿ ಕೆಳದವಡೆಯಾಗುತ್ತದೆ. ಮೇಲಿನಿಂದ ಇಳಿದದ್ದೂ ಪಕ್ಕದಿಂದ ಬಂದದ್ದೂ ಏಳನೇ ವಾರ ಮುಗಿಯುವಷ್ಟರಲ್ಲಿ ಬೆಸೆದುಕೊಂಡರೆ ಮೇಲ್ದುಟಿ ಮತ್ತು ಮೂಗಿನ ಹೊಳ್ಳೆಯ ತಳ ಸಿದ್ಧವಾಗುತ್ತದೆ. ಅಂಗುಳ ಕೂಡಲು ಇನ್ನೂ ಸ್ವಲ್ಪ ಕಾಲ ಬೇಕು. ಅದು ಹನ್ನೆರಡನೇ ವಾರದ ಹೊತ್ತಿಗೆ ಪೂರ್ಣವಾಗುತ್ತದೆ. ಈ ಬೆಸುಗೆ ಒಂದು ಬದಿಯಲ್ಲಿ ಆಗದೆ ಉಳಿದರೆ ಮಗು ಒಂದು ಬದಿಯ ಸೀಳುತುಟಿಯೊಂದಿಗೆ ಹುಟ್ಟುತ್ತದೆ. ಎರಡೂ ಬದಿಯಲ್ಲಿ ಆಗದಿದ್ದರೆ ಎರಡು ಸೀಳು. ಸೀಳು ತುಟಿಯಲ್ಲಿಯೇ ನಿಲ್ಲಬಹುದು, ಒಸಡನ್ನು ದಾಟಿ ಅಂಗುಳದ ಕೊನೆಯವರೆಗೂ ಹೋಗಬಹುದು.

ಪ್ರಪಂಚದಲ್ಲಿ ಸುಮಾರು 700 ಹೆರಿಗೆಗಳಿಗೆ ಒಂದರಂತೆ ಸೀಳುತುಟಿ ಅಥವಾ ಸೀಳು ಅಂಗುಳದ ಮಗು ಹುಟ್ಟುತ್ತದೆ ಎಂಬುದು ಸಾಮಾನ್ಯ ಅಂದಾಜು. ಬಡವ ಬಲ್ಲಿದ, ಜಾತಿ ಮತ ಎಂಬ ಭೇದ ಇದಕ್ಕಿಲ್ಲ. ತುಟಿಯ ಸೀಳು ಗಂಡುಮಕ್ಕಳಲ್ಲಿ ಹೆಚ್ಚು, ಬರಿಯ ಅಂಗುಳದ ಸೀಳು ಹೆಣ್ಣುಮಕ್ಕಳಲ್ಲಿ ಹೆಚ್ಚು. ಒಂದೇ ಬದಿಯ ಸೀಳು ಬಲಕ್ಕಿಂತ ಎಡಬದಿಯಲ್ಲಿಯೇ ಹೆಚ್ಚಾಗಿ ಕಾಣುತ್ತದೆ.

ಸೀಳುತುಟಿ ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಸೀಳಿದ್ದು ಎಂದ ಕೂಡಲೇ, ಹಾಗಾದರೆ ಸೀಳಿದವರು ಯಾರು, ಯಾವುದರಿಂದ ಎಂಬ ಪ್ರಶ್ನೆ ಹುಟ್ಟುತ್ತದೆ. ಇಂಗ್ಲಿಷ್, ಫ್ರೆಂಚ್, ಜರ್ಮನ್, ಚೀನೀ ಭಾಷೆಗಳಲ್ಲಿ ಇದಕ್ಕೆ ಮೊಲದ ಹೆಸರು ಅಂಟಿಕೊಂಡಿತು. ಅದೂ ಸರಿಯಲ್ಲ. ಮೊಲದ ತುಟಿಯ ಸೀಳು ನಟ್ಟನಡುವೆ ಇರುತ್ತದೆ. ಮನುಷ್ಯನ ತುಟಿಯ ಸೀಳು ಬಹುಮಟ್ಟಿಗೆ ನಡುವಿನಿಂದ ಪಕ್ಕಕ್ಕೆ, ಆ ಏರುಗಳ ಗುಂಟ ಇರುತ್ತದೆ. ನಿಜವಾಗಿ ಇಲ್ಲಿ ಯಾವುದೂ ಸೀಳಿಲ್ಲ. ಕೂಡಬೇಕಾದದ್ದು ಕೂಡದೆ ಉಳಿದಿದೆ, ಅಷ್ಟೆ. ಈ ಒಂದು ಮಾತು ಅರ್ಥವಾದರೆ ತಾಯಿಯ ಮೇಲಿನ ಅಪವಾದವೂ ಕಳಚಿ ಬೀಳುತ್ತದೆ, ಶಸ್ತ್ರಚಿಕಿತ್ಸೆಯ ಗುಟ್ಟೂ ತಿಳಿಯುತ್ತದೆ.

ಗ್ರಹಣದ ಮೇಲಿನ ಆರೋಪ

ಗ್ರಹಣ ಕಾಲದಲ್ಲಿ ಬಸುರಿ ಹೊರಗೆ ಬರಬಾರದು, ಈಳಿಗೆಮಣೆ ಮುಟ್ಟಬಾರದು, ತರಕಾರಿ ಹೆಚ್ಚಬಾರದು, ಹಾಗೆ ಮಾಡಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಹಳೆಯದು. ತೆಲುಗಿನಲ್ಲಂತೂ ಸೀಳುತುಟಿಗೆ 'ಗ್ರಹಣಂ ಮೊರ್ರಿ' ಎಂದೇ ಹೆಸರು. ಸಮುದ್ರದಾಚೆಯ ಮೆಕ್ಸಿಕೋ ದೇಶದಲ್ಲಿಯೂ ಬಸುರಿಯರು ಗ್ರಹಣ ಕಾಲದಲ್ಲಿ ಮೈಮೇಲೆ ಲೋಹದ ಪಿನ್ನು ಧರಿಸುವ ರೂಢಿ ಇದೆ. ಚಂದ್ರನನ್ನು ಕಚ್ಚಿದ್ದು ಮಗುವಿನ ತುಟಿಯನ್ನೂ ಕಚ್ಚುತ್ತದೆ ಎಂಬ ಭಯ ಅಲ್ಲಿನದು. ಒಬ್ಬರನ್ನೊಬ್ಬರು ಕಾಣದ ಜನ ಒಂದೇ ಬಗೆಯಲ್ಲಿ ಯೋಚಿಸಿದ್ದು ಕುತೂಹಲದ ಸಂಗತಿ. ಕಾರಣ ಕಾಣದ ಕಡೆ ಆಕಾಶದತ್ತ ನೋಡುವುದು ಮನುಷ್ಯನ ಸ್ವಭಾವ.

ಆದರೆ ಲೆಕ್ಕ ಹಾಕಿ ನೋಡಿ. ಮುಟ್ಟು ತಪ್ಪಿ ಸುಮಾರು ಐದು ವಾರ ಕಳೆಯುವಷ್ಟರಲ್ಲಿ ಮಗುವಿನ ಮೇಲ್ದುಟಿಯ ಕೆಲಸ ಮುಗಿದಿರುತ್ತದೆ. ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಸುದ್ದಿ ಅತ್ತೆಯ ಕಿವಿಗೂ ಬಿದ್ದಿರುವುದಿಲ್ಲ. ಐದು ತಿಂಗಳ, ಏಳು ತಿಂಗಳ ಬಸುರಿಯನ್ನು ಗ್ರಹಣದ ದಿನ ಕತ್ತಲ ಕೋಣೆಯಲ್ಲಿ ಕೂರಿಸಿದರೆ, ಎಂದೋ ಕೂಡಿಹೋದ ತುಟಿಯನ್ನು ಕಾದಂತಾಗುತ್ತದೆ. ಅಥವಾ ಎಂದೋ ಕೂಡದೆ ಉಳಿದ ತುಟಿಗೆ ಈಗ ಕಾವಲು ಹಾಕಿದಂತಾಗುತ್ತದೆ. 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ಗ್ರಹಣವೇ ಕಾರಣವಾಗಿದ್ದರೆ ಇಂಥ ಗ್ರಹಣಗಳಾದ ಕೆಲವು ತಿಂಗಳಿಗೆ ಸೀಳುತುಟಿಯ ಮಕ್ಕಳು ಗುಂಪುಗುಂಪಾಗಿ ಹುಟ್ಟಬೇಕಿತ್ತು, ಉಳಿದ ವರ್ಷಗಳಲ್ಲಿ ಹುಟ್ಟಲೇಬಾರದಿತ್ತು. ಹಾಗಾಗುವುದಿಲ್ಲ. ಗ್ರಹಣವಿರಲಿ ಇಲ್ಲದಿರಲಿ, ಎಲ್ಲ ತಿಂಗಳಲ್ಲೂ ಎಲ್ಲ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಲೇ ಇರುತ್ತಾರೆ.

ಹಾಗಾದರೆ ಕಾರಣವೇನು? ಒಂದೇ ಕಾರಣ ಇಲ್ಲ. ವಂಶವಾಹಿಗಳ ಪಾತ್ರ ಇದೆ. ಗರ್ಭಿಣಿಯ ಧೂಮಪಾನ, ಹತೋಟಿ ಇಲ್ಲದ ಮಧುಮೇಹ, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಿಗಳು ಅಪಾಯವನ್ನು ಹೆಚ್ಚಿಸುತ್ತವೆ. (ಹಾಗೆಂದು ಮೂರ್ಛೆರೋಗದ ಔಷಧಿಯನ್ನು ತಾವೇ ನಿಲ್ಲಿಸುವುದು ಇನ್ನೂ ಅಪಾಯ, ಗರ್ಭಕ್ಕೆ ಮೊದಲೇ ವೈದ್ಯರ ಸಲಹೆ ಕೇಳಬೇಕು.) ಬಹಳಷ್ಟು ಪ್ರಕರಣಗಳಲ್ಲಿ ಇದಮಿತ್ಥಂ ಎಂದು ತೋರಿಸಬಲ್ಲ ಕಾರಣವೇ ಸಿಗುವುದಿಲ್ಲ. ಒಂದು ಮಗುವಿಗೆ ಸೀಳುತುಟಿ ಇದ್ದರೆ ಅದೇ ತಂದೆತಾಯಿಯರ ಮುಂದಿನ ಮಗುವಿಗೂ ಇರುವ ಸಂಭವ ನೂರಕ್ಕೆ ಸುಮಾರು ನಾಲ್ಕು. ಎಂದರೆ ನೂರಕ್ಕೆ 96ರಷ್ಟು ಸಂಭವ ಇಲ್ಲ ಎಂದಾಯಿತು.

ಆದರೂ ನಂಬಿಕೆ ಸುಲಭವಾಗಿ ಬಿಡುವುದಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಸಮೀಪ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದು ವರದಿಯಾಗಿತ್ತು. ಗ್ರಹಣವೇ ಊನ ತರುತ್ತದೆ, ಗ್ರಹಣವೇ ಊನ ಕಳೆಯುತ್ತದೆ ಎಂಬ ಈ ಎರಡು ನಂಬಿಕೆಗಳ ನಡುವೆ ಸಿಕ್ಕಿ ನಲುಗುವುದು ಮಗು ಮತ್ತು ತಾಯಿ. ಸೀಳುತುಟಿಯ ಮಗು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ 'ಗ್ರಹಣದ ದಿನ ನೀನು ಏನು ಮಾಡಿದೆ?' ಎಂಬುದು. ಏಳಬೇಕಾದ ಪ್ರಶ್ನೆ 'ಮಗು ಹಾಲು ಕುಡಿಯುತ್ತಿದೆಯೇ?' ಎಂಬುದು.

ಏಕೆಂದರೆ ಮೊದಲ ಕಷ್ಟ ಹಸಿವಿನದು. ತುಟಿ ಮಾತ್ರ ಸೀಳಿದ್ದರೆ ಅನೇಕ ಮಕ್ಕಳು ಮೊಲೆ ಚೀಪಬಲ್ಲವು. ಅಂಗುಳವೂ ತೆರೆದಿದ್ದರೆ ಬಾಯಿಯಲ್ಲಿ ಹೀರುವ ಸೆಳೆತ ಹುಟ್ಟುವುದಿಲ್ಲ. ಹಾಲು ಮೂಗಿನಿಂದ ಬರುತ್ತದೆ, ಮಗು ದಣಿದು ಬಿಟ್ಟುಬಿಡುತ್ತದೆ. ಇದಕ್ಕೆ ಪರಿಹಾರ ನಮ್ಮ ಮನೆಗಳಲ್ಲಿಯೇ ಇತ್ತು. ತಾಯಿಯ ಹಾಲನ್ನೇ ಹಿಂಡಿ, ಮಗುವನ್ನು ತಲೆಯೆತ್ತಿ ಕೂರಿಸಿ ಹಿಡಿದು, ಅಜ್ಜಿಯರ ಕಾಲದ ಒಳಲೆಯಿಂದ ನಿಧಾನವಾಗಿ ಕುಡಿಸುವುದು. ಆಸ್ಪತ್ರೆಗಳೂ ಒಳಲೆಯನ್ನೋ ಚಮಚವನ್ನೋ ಹೇಳಿಕೊಡುತ್ತವೆ. ಮಗುವಿನ ತೂಕ ಏರದಿದ್ದರೆ ಶಸ್ತ್ರಚಿಕಿತ್ಸೆಯೂ ಮುಂದಕ್ಕೆ ಹೋಗುತ್ತದೆ.

ಸುಶ್ರುತನ ಎಲೆ, ಪುಣೆಯ ಮೇಣ

ತುಟಿ ಮೂಗುಗಳನ್ನು ಸರಿಪಡಿಸುವ ವಿದ್ಯೆಯ ಮಾತು ಬಂದರೆ ಭಾರತೀಯರು ಸುಶ್ರುತನನ್ನು ನೆನೆಯುವುದು ಸಹಜ. ಆತನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯ ಇಲ್ಲ. ಆದರೆ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದಲ್ಲಿ ಹರಿದ ಕಿವಿಯನ್ನು ಕೂಡಿಸುವ 15 ವಿಧಾನಗಳೂ ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವ ಕ್ರಮವೂ ಸ್ಪಷ್ಟವಾಗಿವೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಆ ಅಳತೆಗೆ ಕೆನ್ನೆಯ ಚರ್ಮವನ್ನು ಬುಡ ಬಿಡಿಸದೆ ಎತ್ತಿ, ಕೆರೆದ ಮೂಗಿನ ಮೇಲೆ ಕೂರಿಸಿ ಹೊಲಿಯಬೇಕು. ಉಸಿರಾಟಕ್ಕೆಂದು ಎರಡು ಕೊಳವೆಗಳನ್ನು ಇಡಬೇಕು. ಮೇಲೆ ಜ್ಯೇಷ್ಠಮಧು ಮೊದಲಾದವುಗಳ ಪುಡಿ ಉದುರಿಸಿ, ಹತ್ತಿ ಮುಚ್ಚಿ, ಎಳ್ಳೆಣ್ಣೆ ಹನಿಸಬೇಕು. ತುಟಿಯನ್ನು ಕೂಡಿಸುವುದಕ್ಕೂ ಇದೇ ವಿಧಿ, ಕೊಳವೆಗಳು ಮಾತ್ರ ಬೇಡ ಎಂದು ಸಂಹಿತೆ ಹೇಳುತ್ತದೆ.

ಈ ಬಗೆಯ ವಿದ್ಯೆ ಗ್ರಂಥದಲ್ಲಿ ಮಾತ್ರ ಉಳಿದಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾದ ಘಟನೆಗೆ ಕರ್ನಾಟಕದ ನಂಟು ಇದೆ. ಮೂಗು ಎಂದರೆ ನಮ್ಮಲ್ಲಿ ಮಾನ. ಶತ್ರುವಿನ ಮೂಗು ಕೊಯ್ಯುವುದು ಕೊಲ್ಲುವುದಕ್ಕಿಂತ ದೊಡ್ಡ ಶಿಕ್ಷೆ. 17ನೇ ಶತಮಾನದಲ್ಲಿ ಮೈಸೂರು ಮತ್ತು ಮಧುರೆಯ ಸೇನೆಗಳು ಪರಸ್ಪರರ ಮೂಗು ಕೊಯ್ದ ಸಂಗತಿಯನ್ನು ಆ ಕಾಲದ ಜೆಸ್ವಿಟ್ ಪಾದ್ರಿಗಳ ಪತ್ರಗಳು ದಾಖಲಿಸಿವೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಮತ್ತು ಒಂದು ಕೈಯನ್ನು ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಸಮೀಪ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕಟ್ಟಿದ. ಬೊಂಬಾಯಿಯ ಇಬ್ಬರು ಇಂಗ್ಲಿಷ್ ಶಸ್ತ್ರವೈದ್ಯರು ಇದನ್ನು ಕಣ್ಣಾರೆ ಕಂಡರು. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರ ಸಮೇತ ಈ ವರದಿಯನ್ನು ಪ್ರಕಟಿಸಿತು.

ವರದಿಯ ವಿವರಗಳು ಸ್ವಾರಸ್ಯಕರ. ಮೊದಲು ಮೊಂಡು ಮೂಗಿನ ಮೇಲೆ ಮೇಣದ ಮೂಗು ಮಾಡಿ, ಅದನ್ನು ಚಪ್ಪಟೆಯಾಗಿ ಹರಡಿ ಹಣೆಯ ಮೇಲಿಟ್ಟು ಗೆರೆ ಎಳೆಯುವುದು. ಆ ಗೆರೆಯ ಗುಂಟ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಪಟ್ಟಿ ಉಳಿಸಿಕೊಂಡು, ತಿರುಗಿಸಿ ಕೆಳಗಿಳಿಸುವುದು. ರಕ್ತ ಹರಿಯುವುದು ಆ ಪಟ್ಟಿಯಿಂದ. ತಾಂಬೂಲಕ್ಕೆ ಬಳಸುವ ಕಾಚನ್ನು ನೀರಲ್ಲಿ ನೆನೆಸಿ ಬಟ್ಟೆಪಟ್ಟಿಗೆ ಬಳಿದು ಅಂಟಿಸುವುದು. ಕೆಲವು ದಿನ ಕಳೆದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ಆ ಪಟ್ಟಿಯನ್ನು ಕತ್ತರಿಸುವುದು. ಕೆನ್ನೆಯ ಬದಲು ಹಣೆ ಎಂಬುದನ್ನು ಬಿಟ್ಟರೆ ಸುಶ್ರುತನ ತತ್ವವೇ ಇದು. ಈ ವರದಿಯಿಂದ ಪ್ರೇರಿತನಾದ ಲಂಡನ್ನಿನ ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ 1814ರಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿ 1816ರಲ್ಲಿ ಪುಸ್ತಕ ಬರೆದ. ಯೂರೋಪಿನ ವೈದ್ಯರು 'ಭಾರತೀಯ ವಿಧಾನ' ಎಂದು ಕರೆದದ್ದು ಇದನ್ನೇ.

ಹೆಮ್ಮೆಪಡಬೇಕಾದ ಚರಿತ್ರೆ ಇದು, ಸಂದೇಹವಿಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸುಶ್ರುತನೂ ಪುಣೆಯ ಕುಶಲಿಯೂ ಎದುರಿಸಿದ್ದು ಕತ್ತರಿಸಿಹೋದ ಮೂಗನ್ನು. ಅಲ್ಲಿ ಇದ್ದದ್ದು ಕಳೆದುಹೋಗಿದೆ. ಬೇರೆ ಕಡೆಯಿಂದ ತಂದು ತುಂಬಬೇಕು. ಸೀಳುತುಟಿಯ ಮಗುವಿನಲ್ಲಿ ಹೆಚ್ಚೇನೂ ಕಳೆದುಹೋಗಿಲ್ಲ. ಎಲ್ಲವೂ ಇದೆ, ತನ್ನ ಜಾಗದಲ್ಲಿ ಇಲ್ಲ. ಈ ವ್ಯತ್ಯಾಸವನ್ನು ಶಸ್ತ್ರವೈದ್ಯರು ಪೂರ್ತಿಯಾಗಿ ಅರಿಯಲು ಬಹಳ ಕಾಲ ಹಿಡಿಯಿತು.

ನೂರು ದಿನದ ಮೌನ

ಸೀಳುತುಟಿಯ ಶಸ್ತ್ರಚಿಕಿತ್ಸೆಯ ತೀರ ಹಳೆಯ ದಾಖಲೆಗಳಲ್ಲಿ ಒಂದು ಚೀನಾದ ಜಿನ್ ವಂಶದ ಚರಿತ್ರೆಯಲ್ಲಿ ಸಿಗುತ್ತದೆ. ಕ್ರಿ.ಶ. 390ರ ಸುಮಾರಿಗೆ ವೇಯ್ ಯೊಂಗ್‌ಝಿ ಎಂಬ ಸೀಳುತುಟಿಯ ಬಡ ಯುವಕ ಒಬ್ಬ ಅಧಿಕಾರಿಯ ಮನೆಯಲ್ಲಿ ಒಳ್ಳೆಯ ವೈದ್ಯನಿದ್ದಾನೆಂದು ಕೇಳಿ ಹುಡುಕಿಕೊಂಡು ಹೋದ. ಕತ್ತರಿಸಿ ಕೂಡಿಸಬಹುದು, ಆದರೆ ನೂರು ದಿನ ಗಂಜಿ ಮಾತ್ರ ಕುಡಿಯಬೇಕು, ನಗಬಾರದು, ಮಾತಾಡಬಾರದು ಎಂದ ವೈದ್ಯ. ಅರ್ಧ ಆಯುಷ್ಯ ಮಾತಿಲ್ಲದೆ ಕಳೆಯಬೇಕೆಂದರೂ ಒಪ್ಪುತ್ತೇನೆ, ನೂರು ದಿನ ಯಾವ ಲೆಕ್ಕ ಎಂಬ ಅರ್ಥದ ಉತ್ತರ ಕೊಟ್ಟ ಯುವಕ. ಮುಂದೆ ಅವನು ಒಂದು ಪ್ರಾಂತದ ಅಧಿಪತಿಯಾದ.

ನೂರು ದಿನದ ಮೌನ ಏಕೆ? ತುಟಿಯ ಒಳಗೆ ಬಾಯಿಯ ಸುತ್ತ ಉಂಗುರದಂತೆ ಒಂದು ಸ್ನಾಯು ಇದೆ. ಸೀಳಿದ್ದಲ್ಲಿ ಈ ಉಂಗುರ ಕಡಿದಿರುತ್ತದೆ, ತುದಿಗಳು ಮೂಗಿನ ಹೊಳ್ಳೆಯ ಬುಡಕ್ಕೆ ಅಂಟಿಕೊಂಡಿರುತ್ತವೆ. ನಕ್ಕಾಗ, ಮಾತಾಡಿದಾಗ ಅವು ಎರಡು ಕಡೆಗೆ ಎಳೆಯುತ್ತವೆ. ಅಂಚುಗಳನ್ನು ಮಾತ್ರ ಹೊಲಿದರೆ ಆ ಎಳೆತಕ್ಕೆ ಹೊಲಿಗೆ ಬಿಡುತ್ತದೆ. 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರುವಾ ಪಾರೆ ಎರಡೂ ಅಂಚುಗಳಿಗೆ ಸೂಜಿ ಚುಚ್ಚಿ, ಸೂಜಿಯನ್ನು ಅಲ್ಲಿಯೇ ಬಿಟ್ಟು, ಅದರ ಸುತ್ತ ಎಂಟರ ಆಕಾರದಲ್ಲಿ ದಾರ ಸುತ್ತುತ್ತಿದ್ದುದು ಈ ಎಳೆತವನ್ನು ಎದುರಿಸಲಿಕ್ಕೇ.

1846ರಲ್ಲಿ ಈಥರ್ ಅರಿವಳಿಕೆ ಬರುವವರೆಗೂ ಅಳುವ ಮಗುವನ್ನು ಅದುಮಿ ಹಿಡಿದೇ ಇದೆಲ್ಲ ನಡೆಯಬೇಕಿತ್ತು. ಹೆಚ್ಚು ಯೋಚಿಸಲು, ಅಳೆಯಲು ಸಮಯವೆಲ್ಲಿ? ಆಮೇಲೂ ಮುಖದ ಮೇಲೆ ಅರಿವಳಿಕೆಯ ಮುಖವಾಡ ಇಟ್ಟರೆ ಕೈಯಾಡಿಸಲು ಜಾಗವಿಲ್ಲ. ಮೊದಲನೇ ಮಹಾಯುದ್ಧದ ನಂತರ ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ ಮ್ಯಾಗಿಲ್ ಮತ್ತು ರೋಬೊಥಂ ಎಂಬ ವೈದ್ಯರು ಉಸಿರ್ನಾಳಕ್ಕೇ ಕೊಳವೆ ಇಳಿಸುವ ಕ್ರಮವನ್ನು ಬೆಳೆಸಿದರು. ಅದರ ಲಾಭ ತೊಟ್ಟಿಲ ಮಕ್ಕಳಿಗೂ ಸಿಕ್ಕಿತು.

ಆದರೂ ಒಂದು ತೊಡಕು ಉಳಿಯಿತು. ಸೀಳಿನ ಎರಡು ಅಂಚುಗಳನ್ನು ನೇರ ಗೆರೆಯಲ್ಲಿ ಹೊಲಿದರೆ ಗಾಯ ಮಾಯುವಾಗ ಕಲೆ ಕುಗ್ಗುತ್ತದೆ. ಆಗ ತುಟಿ ಮೇಲಕ್ಕೆ ಎಳೆದುಕೊಂಡು ಕಚ್ಚು ಬೀಳುತ್ತದೆ. ಸೀಳಿನ ಬದಿಯ ತುಟಿ ಮೊದಲೇ ಗಿಡ್ಡ. ನೇರ ಗೆರೆ ಅದನ್ನು ಉದ್ದ ಮಾಡುವುದಿಲ್ಲ. 1952ರಲ್ಲಿ ಅಮೆರಿಕದ ಟೆನಿಸನ್ ಅಂಕುಡೊಂಕು ಗೆರೆಯಲ್ಲಿ ಕತ್ತರಿಸಿ ತ್ರಿಕೋನದ ತುಂಡೊಂದನ್ನು ಸೇರಿಸುವ ಉಪಾಯ ಕಂಡುಹಿಡಿದ. ತುಟಿ ಉದ್ದವಾಯಿತು, ಆದರೆ ಕಲೆ ತುಟಿಗೆ ಅಡ್ಡವಾಗಿ ಹಾಯಿತು.

ಡೇರೆಯ ಗೋಡೆಯ ಭಾವಚಿತ್ರ

ಮುಂದಿನ ಹೆಜ್ಜೆ ಬಿದ್ದದ್ದು ಕೊರಿಯಾದಲ್ಲಿ. ಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಸೇನೆಯೊಂದಿಗೆ ಅಲ್ಲಿದ್ದ ರಾಲ್ಫ್ ಮಿಲ್ಲಾರ್ಡ್ ಎಂಬ ಶಸ್ತ್ರವೈದ್ಯನಿಗೆ ಸೀಳುತುಟಿಯ ಅನೇಕ ಕೊರಿಯನ್ ಮಕ್ಕಳು ಎದುರಾದರು. ಅಂಥ ಒಂದು ಮಗುವಿನ ಭಾವಚಿತ್ರವನ್ನು ತನ್ನ ಡೇರೆಯ ಗೋಡೆಗೆ ಸಿಕ್ಕಿಸಿ ಅದನ್ನೇ ನೋಡುತ್ತಿದ್ದ ಅವನಿಗೆ ಹೊಳೆದದ್ದು ಇಷ್ಟು: ಮೇಲ್ದುಟಿಯ ಬಿಲ್ಲಿನಾಕಾರದ ಅಂಚು ಈ ಮಗುವಿನಲ್ಲಿ ಬಹುಪಾಲು ಇದೆ. ಮೂಗಿನ ಕೆಳಗಿನ ತೋಡೂ ಇದೆ. ಅವು ಮೇಲಕ್ಕೆ ತಿರುಚಿಕೊಂಡಿವೆ, ಅಷ್ಟೆ. ಹೊಸದಾಗಿ ಕಟ್ಟಬೇಕಾದದ್ದು ಕಡಿಮೆ, ತಿರುಗಿಸಿ ಜಾಗಕ್ಕೆ ತರಬೇಕಾದದ್ದೇ ಹೆಚ್ಚು.

ಆ ಪ್ರಕಾರ ಮಿಲ್ಲಾರ್ಡ್ ನಡುತುಟಿಯ ಕಡೆ ಮೂಗಿನ ಬುಡದ ಗುಂಟ ಬಾಗಿದ ಗೆರೆ ಕತ್ತರಿಸಿ ಆ ಭಾಗವನ್ನು ಕೆಳಕ್ಕೆ ತಿರುಗಿಸಿದ. ತಿರುಗಿಸಿದಾಗ ಮೂಗಿನ ಕೆಳಗೆ ತೆರಪಾದ ಜಾಗಕ್ಕೆ ಪಕ್ಕದ ತುಟಿಯ ತುಂಡನ್ನು ಮುಂದೆ ತಂದು ಕೂರಿಸಿದ. ಹೊಲಿಗೆಯ ಕಲೆ ಆ ಸಹಜ ಏರಿನ ಮೇಲೆಯೇ ಬಿದ್ದು ಬಹುಮಟ್ಟಿಗೆ ಮರೆಯಾಯಿತು. 1955ರಲ್ಲಿ ಸ್ಟಾಕ್‌ಹೋಂ ಸಮ್ಮೇಳನದಲ್ಲಿ ಮಂಡಿಸಿದ ಈ ವಿಧಾನವೇ ಇಂದಿಗೂ, ಹಲವು ಮಾರ್ಪಾಡುಗಳೊಂದಿಗೆ, ಪ್ರಪಂಚದಲ್ಲಿ ಅತಿ ಹೆಚ್ಚು ಬಳಕೆಯಲ್ಲಿದೆ. ಚರ್ಮದ ಜೊತೆಗೆ, ತಪ್ಪು ಜಾಗಕ್ಕೆ ಅಂಟಿದ ಸ್ನಾಯುವನ್ನೂ ಬಿಡಿಸಿ ಎರಡು ತುದಿಗಳನ್ನು ಉಂಗುರವಾಗಿ ಕೂಡಿಸುವುದು ಇಂದಿನ ಕ್ರಮ. ಚೀನಾದ ಯುವಕನ ನೂರು ದಿನದ ವ್ರತ ಈಗಿನ ಮಗುವಿಗೆ ಬೇಕಿಲ್ಲ.

ಮೂಗು ಏಕೆ ಹಟಮಾರಿ?

ತುಟಿ ಕೂಡಿತು. ಆದರೂ ದೂರದಿಂದ ನೋಡಿದವರು ಇವರಿಗೆ ಸೀಳುತುಟಿ ಇತ್ತು ಎಂದು ಗುರುತಿಸುತ್ತಾರೆ. ಅದು ಮೂಗಿನಿಂದ. ಮೂಗಿನ ತುದಿಯನ್ನು ಒಂದು ಡೇರೆ ಎಂದುಕೊಳ್ಳಿ. ನಡುವಿನ ಗೋಡೆ ಅದರ ಕಂಬ. ಎರಡು ಬದಿಯ ಮೃದ್ವಸ್ಥಿಗಳು ಬಾಗಿದ ಬಿದಿರು ಕಡ್ಡಿಗಳು. ಹೊಳ್ಳೆಯ ಬುಡಗಳು ಗೂಟಗಳು. ಒಂದು ಬದಿ ಸೀಳಿದ್ದರೆ ಆ ಬದಿಯ ಗೂಟ ಹೊರಕ್ಕೂ ಹಿಂದಕ್ಕೂ ಸರಿದಿರುತ್ತದೆ. ಕಡ್ಡಿ ಚಪ್ಪಟೆಯಾಗುತ್ತದೆ, ಕಂಬ ಇನ್ನೊಂದು ಬದಿಗೆ ವಾಲುತ್ತದೆ. ಎರಡೂ ಬದಿ ಸೀಳಿದ್ದರೆ ಕಂಬವೇ ಗಿಡ್ಡವಾಗಿ ಮೂಗಿನ ತುದಿ ಕುಸಿದಿರುತ್ತದೆ. ಇದು ಅಂದಚಂದದ ಮಾತಷ್ಟೇ ಅಲ್ಲ. ವಾಲಿದ ಗೋಡೆ ಉಸಿರಿನ ದಾರಿಯನ್ನೂ ಕಟ್ಟುತ್ತದೆ.

ತುಟಿ ಹೊಲಿಯುವಾಗಲೇ ಮೂಗನ್ನೂ ಮುಟ್ಟಬಹುದೇ? ಬಹಳ ಕಾಲ ಶಸ್ತ್ರವೈದ್ಯರು ಬೇಡ ಎಂದೇ ಹೇಳಿದರು. ಎಳೆಯ ಮೃದ್ವಸ್ಥಿಗೆ ಕತ್ತರಿ ತಾಗಿದರೆ ಮೂಗು ಬೆಳೆಯದೆ ಹೋದೀತು ಎಂಬ ಭಯ. ಹೀಗಾಗಿ ಮಕ್ಕಳು ಶಾಲೆಯ ವಯಸ್ಸನ್ನೆಲ್ಲ ಚಪ್ಪಟೆ ಮೂಗಿನೊಂದಿಗೇ ಕಳೆಯಬೇಕಿತ್ತು. ಆಸ್ಟ್ರೇಲಿಯದ ಪರ್ತ್ ನಗರದ ಹೆರಾಲ್ಡ್ ಮೆಕೋಂಬ್ ತುಟಿಯೊಂದಿಗೇ ಮೂಗಿನ ಚರ್ಮವನ್ನು ಮೃದ್ವಸ್ಥಿಯಿಂದ ಬಿಡಿಸಿ, ಕುಸಿದ ಮೃದ್ವಸ್ಥಿಯನ್ನು ಹೊಲಿಗೆಯಿಂದ ಮೇಲೆತ್ತಿ ನಿಲ್ಲಿಸಿದ. ಅಷ್ಟಕ್ಕೆ ಸುಮ್ಮನಾಗದೆ ಆ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ. ಹತ್ತು ವರ್ಷದ ಫಲಿತಾಂಶವನ್ನು 1985ರಲ್ಲಿ, ಹದಿನೆಂಟು ವರ್ಷದ್ದನ್ನು 1996ರಲ್ಲಿ ಪ್ರಕಟಿಸಿದ. ಮೂಗಿನ ಬೆಳವಣಿಗೆಗೆ ಧಕ್ಕೆಯಾಗಿರಲಿಲ್ಲ. ಎರಡು ದಶಕ ತಾಳ್ಮೆಯಿಂದ ಕಾದು ಕೊಟ್ಟ ಈ ಸಾಕ್ಷಿ ಹಳೆಯ ಭಯವನ್ನು ಬಹಳಷ್ಟು ಕರಗಿಸಿತು. ನವಜಾತ ಶಿಶುವಿನ ಮೃದ್ವಸ್ಥಿ ಮೊದಲ ಕೆಲವು ವಾರ ಹೇಳಿದಂತೆ ಬಗ್ಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಅಂಗುಳಕ್ಕೆ ಒಂದು ಅಚ್ಚು ಕೂರಿಸಿ, ಅದರಿಂದ ಎದ್ದ ಕಡ್ಡಿಯಿಂದ ಹೊಳ್ಳೆಯನ್ನು ನಿಧಾನವಾಗಿ ಎತ್ತುವ ಪದ್ಧತಿಯೂ 1990ರ ದಶಕದಿಂದ ಬೆಳೆದಿದೆ.

ಹದಿನೆಂಟು ವರ್ಷದ ದಾರಿ

ಒಂದು ದಿನ ಆಸ್ಪತ್ರೆಗೆ ಹೋಗಿ ಹೊಲಿಸಿಕೊಂಡು ಬಂದರೆ ಮುಗಿಯಿತು ಎಂಬ ತಪ್ಪು ತಿಳಿವಳಿಕೆಯೂ ಇದೆ. ಸಾಮಾನ್ಯವಾಗಿ ತುಟಿಯ ಶಸ್ತ್ರಚಿಕಿತ್ಸೆ ಮೂರರಿಂದ ಆರು ತಿಂಗಳಲ್ಲಿ. ಹತ್ತು ವಾರ ವಯಸ್ಸು, ಹತ್ತು ಪೌಂಡು ಅಂದರೆ ಸುಮಾರು ನಾಲ್ಕೂವರೆ ಕಿಲೋ ತೂಕ, ರಕ್ತದಲ್ಲಿ ಹತ್ತು ಗ್ರಾಂ ಹಿಮೋಗ್ಲೋಬಿನ್ ಇರಬೇಕೆಂಬ 'ಹತ್ತರ ನಿಯಮ' ವೈದ್ಯರಲ್ಲಿ ಪ್ರಸಿದ್ಧ. ಅಂಗುಳಕ್ಕೆ ಒಂಬತ್ತರಿಂದ ಹದಿನೆಂಟು ತಿಂಗಳ ಒಳಗೆ, ಮಗು ಮಾತು ಕಲಿಯುವ ಮೊದಲು. ಒಸಡಿನ ಸೀಳಿಗೆ ಸೊಂಟದ ಮೂಳೆಯ ಚೂರು ತುಂಬುವುದು ಎಂಟರಿಂದ ಹನ್ನೊಂದು ವರ್ಷದ ನಡುವೆ, ಕೋರೆಹಲ್ಲು ಇಳಿಯುವ ಮೊದಲು. ಮೂಗಿನ ಕೊನೆಯ ಶಸ್ತ್ರಚಿಕಿತ್ಸೆ ಮುಖದ ಬೆಳವಣಿಗೆ ನಿಂತ ಮೇಲೆ, ಹದಿನಾರು ಹದಿನೆಂಟರ ಸುಮಾರಿಗೆ. ಆಗ ಮೂಗಿನ ನಡುಗೋಡೆಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿಯನ್ನು ಊರೆಯಾಗಿ ಇಡುತ್ತಾರೆ.

ಇವುಗಳ ನಡುವೆ ಮಾತಿನ ಚಿಕಿತ್ಸೆ. ಅಂಗುಳ ತೆರೆದ ಮಗು ಪ, ಬ ಎನ್ನಹೊರಟರೆ ಗಾಳಿ ಮೂಗಿಗೆ ನುಗ್ಗಿ ಮ ಕೇಳಿಬರುತ್ತದೆ. ಅಪ್ಪ ಎಂದರೂ ಅಮ್ಮ ಎಂದಂತೆ ಕೇಳಿಸಬಹುದು. ತಡವಾಗಿ ಅಂಗುಳ ಮುಚ್ಚಿದರೆ ರೂಢಿಯಾದ ತಪ್ಪು ಉಚ್ಚಾರಣೆ ಉಳಿದುಬಿಡುತ್ತದೆ. ಇದನ್ನು ತಿದ್ದಲು ಬೇಕಾದ್ದು ಚಾಕು ಅಲ್ಲ, ಅಭ್ಯಾಸ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳಿಗೆ ತರಬೇತಿ ದೊರೆಯುತ್ತದೆ. ಧಾರವಾಡದ ಎಸ್‌ಡಿಎಂ ಸಂಸ್ಥೆಯಲ್ಲಿ ಮುಖ ಮತ್ತು ತಲೆಬುರುಡೆಯ ಊನಗಳಿಗೆಂದೇ ವಿಭಾಗವಿದೆ.

ಈ ಕೆಲಸಕ್ಕೆ ಬಾಳನ್ನೇ ಕೊಟ್ಟವರೂ ಇದ್ದಾರೆ. ಪಾರ್ಸಿ ಮನೆತನದ ಡಾ. ಎಚ್.ಎಸ್. ಅಡೆನ್‌ವಾಲಾ 1959ರಲ್ಲಿ ಕೇರಳದ ತ್ರಿಶ್ಶೂರಿನ ಜುಬಿಲಿ ಮಿಷನ್ ಆಸ್ಪತ್ರೆಗೆ ಬಂದು ಆ ಊರನ್ನೇ ತಮ್ಮದಾಗಿಸಿಕೊಂಡರು. ಉತ್ತರ ಪ್ರದೇಶದ ಹಳ್ಳಿಯ ಪುಟ್ಟ ಹುಡುಗಿಯೊಬ್ಬಳ ಶಸ್ತ್ರಚಿಕಿತ್ಸೆಯನ್ನು ಕುರಿತ 'ಸ್ಮೈಲ್ ಪಿಂಕಿ' ಎಂಬ ಕಿರು ಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ಬಂದಾಗ ದೇಶ ಈ ಮಕ್ಕಳತ್ತ ಒಮ್ಮೆ ತಿರುಗಿ ನೋಡಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳ ಸೇರಿವೆ. ನವಜಾತ ಶಿಶುವನ್ನು ಮನೆಗೆ ಬರುವ ಆಶಾ ಕಾರ್ಯಕರ್ತೆ, ಆಮೇಲೆ ಅಂಗನವಾಡಿಗೆ ಬರುವ ವೈದ್ಯರ ತಂಡ ಗುರುತಿಸಿ ಉಚಿತ ಚಿಕಿತ್ಸೆಗೆ ಕಳಿಸಬೇಕೆಂಬು ಅದರ ವ್ಯವಸ್ಥೆ. ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದಲೂ ಅನೇಕ ಆಸ್ಪತ್ರೆಗಳು ಹಣ ಪಡೆಯದೆ ಈ ಶಸ್ತ್ರಚಿಕಿತ್ಸೆ ಮಾಡುತ್ತವೆ.

ಹಾಗಿದ್ದೂ ಮಗು ತಡವಾಗಿ ಬರುವುದೇಕೆ? ಹಣದ ಅಡ್ಡಿ ಇಲ್ಲದ ಕಡೆಯೂ ನಾಚಿಕೆಯ ಅಡ್ಡಿ ಇರುತ್ತದೆ. ಮಗುವನ್ನು ಸೆರಗಿನ ಮರೆಯಲ್ಲಿ ಇಟ್ಟರೆ ಆಶಾ ಕಾರ್ಯಕರ್ತೆಯ ಕಣ್ಣಿಗೂ ಅದು ಬೀಳುವುದಿಲ್ಲ. ತಾಯಿ ಅಪರಾಧಿಯಾದ ಮನೆಯಲ್ಲಿ ಮಗು ಅಪರಾಧದ ಗುರುತಾಗುತ್ತದೆ. ಗುರುತನ್ನು ಯಾರೂ ಹೊರಗೆ ತೋರಿಸಲು ಬಯಸುವುದಿಲ್ಲ. ತುಟಿಗೆ ಮೂರು ತಿಂಗಳು, ಅಂಗುಳಕ್ಕೆ ಒಂದು ವರ್ಷ ಎಂಬ ಒಳ್ಳೆಯ ಗಳಿಗೆಗಳು ಹೀಗೆ ಕೈತಪ್ಪುತ್ತವೆ. ಒಂದು ಗಾದೆಮಾತಿನಂತೆ ಬಾಯಿಂದ ಬಾಯಿಗೆ ಹರಿದ ಗ್ರಹಣದ ಕಥೆ, ಮಗುವಿನ ಬಾಯಿಗೆ ಬರಬೇಕಾದ ಮಾತನ್ನು ಕಸಿಯುವುದು ಹೀಗೆ.

ದೊಡ್ಡವರಾದ ಮೇಲೂ ಬಾಗಿಲು ಮುಚ್ಚುವುದಿಲ್ಲ ಎಂಬುದನ್ನೂ ಹೇಳಬೇಕು. ಇಪ್ಪತ್ತು, ಮೂವತ್ತು ದಾಟಿದವರ ತುಟಿಯನ್ನೂ ಕೂಡಿಸಬಹುದು, ಮೂಗನ್ನೂ ನೆಟ್ಟಗೆ ಮಾಡಬಹುದು. ಒಂದು ತೆಳ್ಳಗಿನ ಕಲೆ ಉಳಿಯುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇಂಥ ಮಗು ಹುಟ್ಟಿದ ಮನೆಗೆ ಹೋದವರು ತಾಯಿಗೆ ಹೇಳಬೇಕಾದ ಮಾತು ಮೂರೇ. ಇದು ನಿನ್ನಿಂದ ಆದದ್ದಲ್ಲ. ಮಗುವನ್ನು ಎತ್ತಿ ಕೂರಿಸಿ ಒಳಲೆಯಲ್ಲಿ ಹಾಲು ಕುಡಿಸು. ಈ ವಾರವೇ ಆಸ್ಪತ್ರೆಗೆ ತೋರಿಸು. ಮುಂದಿನ ಕೆಲಸ ಬಲ್ಲವರು ಈಗ ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ.